ಲಿಪಿಕಾರನ ಬೆನ್ನು

ನಾನು ಕನ್ನಡ ಡಿಟಿಪಿ ಮಾಡುವವನು. ಮನೆ ಹುಬ್ಬಳ್ಳಿಯಲ್ಲಿ, ಅಂಗಡಿ ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗುವ ಹಾದಿಯಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಬೇರೆಯವರು ಬರೆದದ್ದನ್ನು ಕಂಪ್ಯೂಟರಿಗೆ ಏರಿಸುತ್ತ ಬಂದಿದ್ದೇನೆ. ಪಿಎಚ್‌ಡಿ ಪ್ರಬಂಧ, ಅಭಿನಂದನ ಗ್ರಂಥ, ಸೊಸೈಟಿಯ ವಾರ್ಷಿಕ ವರದಿ, ಮದುವೆ ಕಾರ್ಡು ಎಲ್ಲವೂ ನನ್ನ ಬೆರಳ ಮೇಲೆ ಹಾದು ಹೋಗಿವೆ. ನನ್ನದು ಅಂತ ಒಂದು ಸಾಲನ್ನೂ ಬರೆದವನಲ್ಲ. ಇದು ಮೊದಲನೆಯದು. ಇದನ್ನೂ ಬರೆಯಿಸಿದ್ದು ನನ್ನ ಬೆನ್ನು.

ಮೂರು ವರ್ಷಗಳ ಹಿಂದಿನ ಮಾತು. ಸಂಶೋಧನ ವಿದ್ಯಾರ್ಥಿನಿಯೊಬ್ಬರು ತಮ್ಮ ಪ್ರಬಂಧ ಸಲ್ಲಿಸಲು ನಾಲ್ಕೇ ದಿನ ಉಳಿದಿತ್ತು. ಮುಂಜಾನೆ ಹತ್ತಕ್ಕೆ ಕುಳಿತರೆ ರಾತ್ರಿ ಹನ್ನೊಂದರವರೆಗೂ ಕುರ್ಚಿ ಬಿಟ್ಟೇಳುತ್ತಿರಲಿಲ್ಲ. ಮೂರನೆಯ ದಿನ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿತು. ಮೇಜಿನ ಕೆಳಗೆ ಅದರ ಗುಂಡಿ ಒತ್ತಲು ಬಗ್ಗಿದವನು ಮತ್ತೆ ಮೇಲೇಳಲಿಲ್ಲ. ಟೊಂಕದಲ್ಲಿ ಏನೋ ಛಳಕ್ ಎಂದಿತು. ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗರು ಎತ್ತಿ ಆಟೋದಲ್ಲಿ ಕೂರಿಸಿದರು.

ಮನೆಯಲ್ಲಿ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಅಪ್ಪ ಹುಬ್ಬಳ್ಳಿಯ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕಂಪೋಜಿಟರ್ ಆಗಿದ್ದವನು. ಅಚ್ಚುಮೊಳೆಯ ಖಾನೆಗಳ ಮುಂದೆ ಇಡೀ ದಿನ ನಿಂತು ನಿಂತು ಅವನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದ: “ನಾ ನಿಂತು ಕಾಲು ಕಳಕೊಂಡೆ, ನೀ ಕುಂತು ಟೊಂಕ ಕಳಕೊಂಡಿ. ಇಬ್ಬರೂ ಮಾಡಿದ್ದು ಒಂದ ಕೆಲಸ ನೋಡು ತಮ್ಮಾ.”

ಆಗ ಅದು ಚುಚ್ಚುಮಾತು ಅನಿಸಿತ್ತು. ಅದರಲ್ಲೊಂದು ಚರಿತ್ರೆಯೇ ಇದೆ ಎಂದು ತಿಳಿದದ್ದು ಆಮೇಲೆ.

ಉಪಚಾರ ಶುರುವಾಯಿತು. ಅವ್ವ ಹರಳುಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟಳು. ಹಿಂದಿನ ಓಣಿಯ ಅಜ್ಜಿ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂದು ಅಂಥವನೊಬ್ಬನನ್ನು ಕರೆದುಕೊಂಡೇ ಬಂದಳು. ನಾನು ಕೈಮುಗಿದು ಕಳಿಸಿದೆ. ಆಸ್ಪತ್ರೆಯೊಂದರಲ್ಲಿ ಎಂಆರ್‌ಐ ಮಾಡಿ, ಬೆನ್ನುಮೂಳೆಯ ಕೆಳಗಿನ ಎರಡು ಡಿಸ್ಕುಗಳು ಉಬ್ಬಿವೆ ಎಂದರು. ಆರು ವಾರ ಹಾಸಿಗೆ ಬಿಟ್ಟೇಳಬಾರದು, ಎದ್ದರೆ ಬೆಲ್ಟು ಬಿಗಿಯಬೇಕು, ವಾರಕ್ಕೆ ಮೂರು ಸಲ ಟ್ರಾಕ್ಷನ್, ಇನ್ನು ಮೇಲೆ ಕೂತು ಮಾಡುವ ಕೆಲಸ ಬಿಟ್ಟರೆ ಒಳ್ಳೆಯದು ಎಂದೂ ಸೇರಿಸಿದರು. ಕೂತು ಮಾಡುವ ಕೆಲಸ ಬಿಟ್ಟರೆ ನನಗೆ ಬರುವ ಇನ್ನೊಂದು ಕೆಲಸ ಯಾವುದು? ಮಗಳು ಆಗ ಎಂಟನೆಯ ಇಯತ್ತೆಯಲ್ಲಿದ್ದಳು. ಅಂಗಡಿಯ ಬಾಡಿಗೆ ತಿಂಗಳ ಐದಕ್ಕೆ ಕೊಡಬೇಕು. ಹಾಸಿಗೆಯಲ್ಲಿ ಮಲಗಿ ಫ್ಯಾನು ನೋಡುತ್ತ ಆರು ವಾರಗಳ ಲೆಕ್ಕ ಹಾಕಿದೆ. ಬೆನ್ನು ಗುಣವಾಗಲಿಲ್ಲ, ಕಾಲುಗಳು ಮಾತ್ರ ಸೋತು ಕಡ್ಡಿಯಾದವು.

ಆ ದಿನಗಳಲ್ಲೇ ನಾನು ಅರ್ಧ ಏರಿಸಿದ್ದ ಪ್ರಬಂಧವನ್ನು ಮೊದಲ ಸಲ ಓದಿದೆ. ಹೌದು, ಮೊದಲ ಸಲ. ಟೈಪು ಮಾಡುವವರು ಓದುವುದಿಲ್ಲ, ಅಕ್ಷರ ಮಾತ್ರ ನೋಡುತ್ತೇವೆ. ಪ್ರಬಂಧ ಇದ್ದದ್ದು ಹಸ್ತಪ್ರತಿಗಳ ಪುಷ್ಪಿಕೆಗಳ ಬಗ್ಗೆ. ಪುಷ್ಪಿಕೆ ಎಂದರೆ ಓಲೆಗರಿಯ ಕಟ್ಟು ಮುಗಿಯುವಲ್ಲಿ ಪ್ರತಿ ಮಾಡಿದವನು ಬರೆಯುವ ಮಾತು: ತನ್ನ ಹೆಸರು, ಸಂವತ್ಸರ, ತಿಥಿ, ಯಾರಿಗಾಗಿ ಬರೆದದ್ದು ಇತ್ಯಾದಿ. ಅದರ ಜೊತೆ ಅನೇಕ ಪ್ರತಿಗಳಲ್ಲಿ ಒಂದು ಸಂಸ್ಕೃತ ಶ್ಲೋಕವೂ ಇರುತ್ತದೆ. ಭಾರತದ ಬಹುಪಾಲು ಭಾಗಗಳ ಲಿಪಿಕಾರರು ಅದನ್ನು ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಬರೆದಿದ್ದಾರೆ. ಅದರ ತಾತ್ಪರ್ಯ ಇಷ್ಟು: ಬೆನ್ನು, ಸೊಂಟ, ಕತ್ತು ಮುರಿದಿವೆ; ತಲೆ ತಗ್ಗಿಸಿ, ನೆಟ್ಟ ನೋಟದಲ್ಲಿ ಕಷ್ಟಪಟ್ಟು ಬರೆದಿದ್ದೇನೆ; ಈ ಗ್ರಂಥವನ್ನು ಜತನದಿಂದ ಕಾಪಾಡಿರಿ.

ಬೆನ್ನು, ಸೊಂಟ, ಕತ್ತು, ಕಣ್ಣು. ನನ್ನ ಆಸ್ಪತ್ರೆ ಚೀಟಿಯಲ್ಲಿ ಇದ್ದದ್ದೂ ಇದೇ ಪಟ್ಟಿ. ಈ ರೋಗ ಕಂಪ್ಯೂಟರ್ ತಂದದ್ದು ಎಂದುಕೊಂಡಿದ್ದೆ. ಇದು ಕಂಪ್ಯೂಟರಿಗಿಂತ ಎಷ್ಟೋ ಹಳೆಯದು.

ಓಲೆಗರಿಯ ಮೇಲೆ ಬರೆಯುವುದು ಎಂದರೆ ಬರೆಯುವುದಲ್ಲ, ಕೊರೆಯುವುದು. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಬ್ಬಿಣದ ಮೊನೆಯ ಲೇಖನಿ. ಎಡ ಹೆಬ್ಬೆರಳು ಲೇಖನಿಗೆ ಆನಿಕೆ ಕೊಡುತ್ತದೆ. ಮೊನೆ ಹೆಚ್ಚು ಒತ್ತಿದರೆ ಗರಿ ಸೀಳುತ್ತದೆ, ಕಡಿಮೆ ಒತ್ತಿದರೆ ಅಕ್ಷರ ಮೂಡುವುದಿಲ್ಲ. ಆಮೇಲೆ ಕಾಡಿಗೆ ತಿಕ್ಕಿ ಒರೆಸಿದಾಗ ಕೊರೆದ ಗೆರೆ ಕಪ್ಪಾಗಿ ಕಾಣುತ್ತದೆ. ಅಲ್ಲಿಯವರೆಗೂ ಬರೆಯುವವನು ಬರೆಯುತ್ತಿರುವುದು ಬಹುಪಾಲು ಬಣ್ಣವಿಲ್ಲದ ಅಕ್ಷರ. ಅದಕ್ಕೇ ಕತ್ತು ಅಷ್ಟು ಬಾಗಬೇಕು. ಧಾರವಾಡದಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಇಂಥ ಹಸ್ತಪ್ರತಿಗಳನ್ನು ಕೂಡಿಸಿತು. ಮುಂದೆ ಅದು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ನನ್ನ ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಅಷ್ಟೊಂದು ಮುರಿದ ಬೆನ್ನುಗಳ ದಾಖಲೆ ಇತ್ತು. ನಾನು ಒಮ್ಮೆಯೂ ಅತ್ತ ಹೋಗಿರಲಿಲ್ಲ.

ಓಲೆಯ ಜೊತೆಗೇ ಕಡತವೂ ಇತ್ತು. ಇವತ್ತು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕರಿಹಲಗೆಯಂತೆ ಮಾಡಿದ ಬಟ್ಟೆ. ಮಡಿಚಿ ಮಡಿಚಿ ಇಡುತ್ತಿದ್ದರು, ಬಳಪದಿಂದ ಬರೆಯುತ್ತಿದ್ದರು. ನಮ್ಮ ಭಾಗದ ಕುಲಕರ್ಣಿಗಳು ನೆಲದ ಮೇಲೆ ಕುಳಿತು, ಇಳಿಜಾರು ಮುಚ್ಚಳದ ಪೆಟ್ಟಿಗೆಯ ಮೇಲೆ ಲೆಕ್ಕ ಬರೆದರು. ಕೈ ಎತ್ತದೆ ಸರಸರನೆ ಬರೆಯಬಹುದಾದ ಮೋಡಿ ಲಿಪಿ ಅಂಥ ಕೆಲಸಕ್ಕೆ ಒದಗಿ ಬಂದದ್ದು. ದುರ್ಗದಬೈಲಿನ ಹಳೆಯ ಅಂಗಡಿಗಳಲ್ಲಿ ಇವತ್ತಿಗೂ ಗಾದಿ, ಲೋಡು ಕಾಣುತ್ತವೆ. ಗಾದಿಯ ಮೇಲೆ ಕುಳಿತವನನ್ನು ಗಮನಿಸಿ ನೋಡಿ. ಒಂದು ಗಂಟೆಯಲ್ಲಿ ಅವನು ಹತ್ತು ಸಲ ಕಾಲು ಬದಲಿಸುತ್ತಾನೆ. ಒಮ್ಮೆ ಪದ್ಮಾಸನ, ಒಮ್ಮೆ ಒಂದು ಮೊಣಕಾಲು ಮೇಲೆ, ಒಮ್ಮೆ ಲೋಡಿಗೆ ಒರಗು. ನೆಲ ಅವನನ್ನು ಒಂದೇ ರೀತಿ ಕೂರಲು ಬಿಡುವುದಿಲ್ಲ. ಒಂದೇ ರೀತಿ ಕೂರಲು ಬಿಡುವುದು ಕುರ್ಚಿ.

ಬರೆಯುವವರ ಬೆನ್ನನ್ನು ವೈದ್ಯನೊಬ್ಬ ಕಸುಬಿನ ರೋಗವೆಂದು ಬರೆದಿಟ್ಟದ್ದು ಇಟಲಿಯಲ್ಲಿ. ಬರ್ನಾರ್ದಿನೊ ರಮಾತ್ಸಿನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕ ಪ್ರಕಟಿಸಿದ. 1713ರ ಎರಡನೆಯ ಆವೃತ್ತಿಯಲ್ಲಿ ಗುಮಾಸ್ತರು, ಲೇಖಕರಿಗಾಗಿ ಒಂದು ಅಧ್ಯಾಯ ಸೇರಿಸಿದ. ಅವರ ಕಾಯಿಲೆಗೆ ಅವನು ಕೊಟ್ಟ ಕಾರಣ ಮೂರು: ಸದಾ ಕೂತಿರುವುದು, ಕೈಯ ಒಂದೇ ಬಗೆಯ ನಿಲ್ಲದ ಚಲನೆ, ತಪ್ಪು ಬೀಳದಂತೆ ನೋಡಿಕೊಳ್ಳುವ ಮನಸ್ಸಿನ ಬಿಗಿ. ಮೂರನೆಯದನ್ನು ಓದಿ ನನಗೆ ಅಳು ಬರುವುದೊಂದು ಬಾಕಿ. ಮಾಲೀಕರ ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೂ ತಮ್ಮ ತಲೆಗೆ ಬರುತ್ತದೆಂಬ ಆ ಗುಮಾಸ್ತರ ಭಯವೇ, ಒತ್ತಕ್ಷರ ಒಂದು ಹಾರಿದರೂ ಪ್ರಬಂಧ ವಾಪಸ್ ಬರುತ್ತದೆಂಬ ನನ್ನ ಭಯ. ಭಯ ಮೊದಲು ಭುಜಕ್ಕೆ ಏರುತ್ತದೆ, ಆಮೇಲೆ ಟೊಂಕಕ್ಕೆ ಇಳಿಯುತ್ತದೆ.

ಹಾಗಾದರೆ ನನ್ನನ್ನು ಆರು ವಾರ ಮಲಗಿಸಿದ ಸಲಹೆ ಎಲ್ಲಿಂದ ಬಂತು? ಇದಕ್ಕೂ ಒಂದು ಚರಿತ್ರೆಯಿದೆ. ಅದು ರೈಲಿನ ಜೊತೆ ಸೇರಿಕೊಂಡಿದೆ.

ಹಳೆಯ ಕಾಲದಲ್ಲಿ ಬೆನ್ನುನೋವು ಒಂದು ಬೇನೆ, ಗಾಯವಲ್ಲ. ಚರಕ ಸಂಹಿತೆ ಸೊಂಟದಿಂದ ಕಾಲಿಗೆ ಇಳಿಯುವ ನೋವನ್ನು ಗೃಧ್ರಸಿ ಎಂದು ಕರೆದು ವಾತರೋಗಗಳಲ್ಲಿ ಸೇರಿಸಿತು. ಗೃಧ್ರ ಎಂದರೆ ರಣಹದ್ದು. ನೋವಿರುವವನು ಕಾಲೆಳೆಯುವ ಬಗೆ ಆ ಹಕ್ಕಿಯ ನಡಿಗೆಯಂತೆ ಎಂದು ವಿವರಿಸುತ್ತಾರೆ. ಯುರೋಪಿನಲ್ಲೂ ಅದನ್ನು ಥಂಡಿಯಿಂದ, ತೇವದಿಂದ ಬರುವ ಸಂಧಿವಾತದ ಬಳಗಕ್ಕೆ ಸೇರಿಸುತ್ತಿದ್ದರು. ಬೆನ್ನುನೋವೆಂದರೆ ಒಳಗೇನೋ ಮುರಿದಿದೆ ಎಂಬ ಕಲ್ಪನೆ ಬಲವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳಲ್ಲಿ ಮೈಮೇಲೆ ಗಾಯವಿಲ್ಲದ ಪ್ರಯಾಣಿಕರು ಬೆನ್ನುನೋವೆಂದು ದೂರಿ ಕಂಪನಿಗಳಿಂದ ಪರಿಹಾರ ಕೇಳತೊಡಗಿದರು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ಸನ್ 1866ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಆ ಕಾಯಿಲೆಗೆ ‘ರೈಲ್ವೆ ಸ್ಪೈನ್’ ಎಂಬ ಹೆಸರು ನಿಂತಿತು. ಬೆನ್ನುನೋವಿಗೆ ಈಗ ಒಂದು ಏಟು, ಒಬ್ಬ ತಪ್ಪಿತಸ್ಥ, ಒಂದು ಕೋರ್ಟು ಸಿಕ್ಕಂತಾಯಿತು.

ಗಾಯವೆಂದ ಮೇಲೆ ಗಾಯಕ್ಕೆ ಮಾಡುವ ಉಪಚಾರವೇ ಇದಕ್ಕೂ: ವಿಶ್ರಾಂತಿ. ಜಾನ್ ಹಿಲ್ಟನ್ 1863ರಲ್ಲಿ ವಿಶ್ರಾಂತಿ ಮತ್ತು ನೋವಿನ ಮೇಲೆ ಬರೆದ ಪುಸ್ತಕ ಬಹುಕಾಲ ವೈದ್ಯರ ಕೈಯಲ್ಲಿತ್ತು. ಲಿವರ್‌ಪೂಲಿನ ಮೂಳೆವೈದ್ಯ ಹ್ಯೂ ಓವನ್ ಥಾಮಸ್ ವಿಶ್ರಾಂತಿಯನ್ನು ಬಲವಂತವಾಗಿ, ಬಿಡುವಿಲ್ಲದೆ, ದೀರ್ಘವಾಗಿ ಕೊಡಬೇಕೆಂದ. 1895ರಲ್ಲಿ ಕ್ಷಕಿರಣ ಬಂತು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್, ಜಾರಿದ ಡಿಸ್ಕು ನರವನ್ನು ಒತ್ತಿ ಕಾಲುನೋವು ತರಬಲ್ಲದೆಂದು ತೋರಿಸಿದರು. ಅದು ನಿಜ, ಆದರೆ ಕೆಲವರ ಪಾಲಿಗೆ ಮಾತ್ರ ನಿಜ. ಆ ಕೆಲವರ ವಿವರಣೆಯನ್ನು ಎಲ್ಲರ ಬೆನ್ನಿಗೂ ಹಚ್ಚಲಾಯಿತು. ಹುಬ್ಬಳ್ಳಿಗೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು, ವರ್ಕ್‌ಶಾಪ್ ಬಂತು. ರೈಲು ಈ ಊರಿಗೆ ಅನ್ನ ಕೊಟ್ಟಿತು. ರೈಲಿನ ಕಾಲದ ವೈದ್ಯಕೀಯ ನಮಗೆ ಹಾಸಿಗೆ ಕೊಟ್ಟಿತು.

ಹಾಸಿಗೆಯ ಮೇಲಿನ ನಂಬಿಕೆ ಕುಸಿದದ್ದು ನನ್ನ ಜೀವಮಾನದಲ್ಲೇ. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಬೆನ್ನುನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ಹೋಲಿಸಿದರು. ಏಳು ದಿನ ಮಲಗಿದ್ದರಿಂದ ಹೆಚ್ಚಿನ ಲಾಭವೇನೂ ಇರಲಿಲ್ಲ, ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು. 1995ರಲ್ಲಿ ಹೆಲ್ಸಿಂಕಿಯಲ್ಲಿ ನಡೆದ ಅಧ್ಯಯನದಲ್ಲಿ, ನೋವು ಸಹಿಸುವಷ್ಟು ಮಟ್ಟಿಗೆ ದಿನದ ಕೆಲಸ ಮಾಡುತ್ತ ಹೋದವರೇ ಮಲಗಿದವರಿಗಿಂತ ಬೇಗ ಚೇತರಿಸಿಕೊಂಡರು. ಇನ್ನು ನನ್ನನ್ನು ಹೆದರಿಸಿದ ಆ ಎಂಆರ್‌ಐ. ಬೆನ್ನುನೋವೇ ಇಲ್ಲದ 98 ಜನರನ್ನು ಸ್ಕ್ಯಾನ್ ಮಾಡಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 52 ಜನರಿಗೆ ಕನಿಷ್ಠ ಒಂದು ಕಡೆ ಡಿಸ್ಕು ಉಬ್ಬಿತ್ತು. ಅಂದರೆ ಉಬ್ಬಿದ ಡಿಸ್ಕು ಅನೇಕರಲ್ಲಿ ಕೂದಲು ನರೆತ ಹಾಗೆ. ಇದೆ, ಆದರೆ ನೋಯಬೇಕೆಂದೇನೂ ಇಲ್ಲ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ವ್ಯಾಯಾಮ, ತಿಳಿವಳಿಕೆ ಸೇರಿವೆ. ಸೊಂಟದ ಬೆಲ್ಟು, ಟ್ರಾಕ್ಷನ್ ಬೇಡ ಎನ್ನುವವುಗಳ ಪಟ್ಟಿಯಲ್ಲಿವೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನವರಿದ್ದರೆಂದು ಅಂದಾಜು. ಅಷ್ಟೂ ಜನರನ್ನು ಮಲಗಿಸುವಷ್ಟು ಹಾಸಿಗೆ ಎಲ್ಲಿದೆ?

ಒಂದು ಎಚ್ಚರ ಹೇಳಲೇಬೇಕು. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಜ್ವರವೋ ಬಿದ್ದ ಪೆಟ್ಟೋ ಇದ್ದರೆ ಅದು ಬೇರೆ ಮಾತು. ಆಗ ಲೇಖನ ಓದುತ್ತ ಕೂರದೆ ತಕ್ಷಣ ವೈದ್ಯರ ಬಳಿ ಹೋಗಬೇಕು. ನನ್ನ ಹಾಗೆ ದುಡಿದು ಹಿಡಿದುಕೊಂಡ ಟೊಂಕಗಳ ಕಥೆ ಮಾತ್ರ ನಾನು ಹೇಳುತ್ತಿರುವುದು.

ಈಗ ಅಪ್ಪನ ಮಾತಿಗೆ ಬರುತ್ತೇನೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ ಎಂದನಲ್ಲ, ಅದು ಹೇಗೆ? ಅಪ್ಪ ನಿಂತಿದ್ದ, ಆದರೆ ಸುಮ್ಮನೆ ನಿಂತಿರಲಿಲ್ಲ. ಕನ್ನಡದ ಕೇಸುಗಳಲ್ಲಿ ಮೂಲಾಕ್ಷರ, ಗುಣಿತ, ಒತ್ತು ಎಂದು ಖಾನೆಗಳು ಲೆಕ್ಕವಿಲ್ಲದಷ್ಟು. ಕೈ ಎತ್ತಬೇಕು, ಪಕ್ಕಕ್ಕೆ ಸರಿಯಬೇಕು, ಗ್ಯಾಲಿ ಹೊತ್ತು ಹೋಗಬೇಕು, ಪ್ರೂಫ್ ತೆಗೆಯಬೇಕು, ಮುದ್ರಣ ಮುಗಿದ ಮೇಲೆ ಮೊಳೆಗಳನ್ನು ಮತ್ತೆ ಖಾನೆಗೆ ಹಾಕಬೇಕು. ಅವನ ಟೊಂಕ ಉಳಿದದ್ದು ಅದರಿಂದಲೇ ಇರಬಹುದು. ಕೂರುವುದಕ್ಕೆ ಮಾತ್ರ ಒಂದು ಸ್ಟೂಲೂ ಇರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಮು ನಿಂತು ದುಡಿಯುವವರಿಗೆ, ಸಂದರ್ಭ ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕೆನ್ನುತ್ತಿತ್ತು. ಅಪ್ಪನಿಗೆ ಆ ಕಲಮಿನ ವಿಷಯ ಹೇಳಿದ್ದು ನಾನು, ಅವನು ನಿವೃತ್ತನಾಗಿ ಹದಿನೈದು ವರ್ಷದ ಮೇಲೆ. ಅವನು ಕೇಳಿದ: “ಕುಂತು ದುಡಿಯೋರಿಗೆ ಎದ್ದೇಳಾಕ ಹೇಳೋ ಕಲಮು ಐತೇನು ಅದರಾಗ?” ನನಗೆ ಅಂಥದ್ದು ಸಿಗಲಿಲ್ಲ.

ಅಪ್ಪ ಮತ್ತು ನನ್ನ ನಡುವೆ ಬೆರಳಚ್ಚು ಯಂತ್ರದ ಕಾಲ ಬಂದು ಹೋಯಿತು. ಟೈಪಿಂಗ್ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಮೊದಲು ಕಲಿಸುತ್ತಿದ್ದದ್ದು ಅಕ್ಷರವನ್ನಲ್ಲ, ಕೂರುವುದನ್ನು. ಬೆನ್ನು ಸೆಟೆದಿರಬೇಕು, ಪಾದ ನೆಲಕ್ಕೆ ಊರಿರಬೇಕು. ಅದಕ್ಕಿಂತ ಹೆಚ್ಚು ನಮ್ಮನ್ನು ಕಾಪಾಡಿದ್ದು ಯಂತ್ರವೇ. ಸಾಲು ಮುಗಿದಾಗ ಟಿಣ್ ಎಂದು ಗಂಟೆ, ಕೈ ಎತ್ತಿ ಗಾಡಿ ತಳ್ಳು, ಹಾಳೆ ಮುಗಿದರೆ ಕಾರ್ಬನ್ ಜೋಡಿಸು, ರಿಬ್ಬನ್ ಬದಲಿಸು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಇಡೀ ಕನ್ನಡ ಬೆರಳ ತುದಿಗೆ ಇಳಿಯಿತು. ಇದು ಕನ್ನಡಕ್ಕೆ ಆದ ದೊಡ್ಡ ಉಪಕಾರ, ನನ್ನ ಹೊಟ್ಟೆ ತುಂಬಿದ್ದೂ ಅದರಿಂದಲೇ. ಆದರೆ ಅಪ್ಪ ಖಾನೆಯಿಂದ ಖಾನೆಗೆ ಹುಡುಕುತ್ತಿದ್ದ ಒತ್ತಕ್ಷರ ನನಗೆ ಎರಡು ಇಂಚಿನೊಳಗೆ ಸಿಕ್ಕಿತು. ಪ್ರೂಫ್ ಇಮೇಲಿನಲ್ಲಿ ಬಂತು, ದುಡ್ಡು ಫೋನಿನಲ್ಲಿ ಬಂತು. ಏಳುವುದಕ್ಕೆ ಇದ್ದ ಕಾರಣಗಳು ಒಂದೊಂದಾಗಿ ಕಳೆದುಹೋದವು. ಓಲೆ ಕೊರೆದವನಿಗೆ ಕಾಡಿಗೆ ತಿಕ್ಕುವ ಬಿಡುವಾದರೂ ಇತ್ತು. ನನಗೆ ಉಳಿದದ್ದು ಕರೆಂಟು ಹೋಗುವುದೊಂದೇ. ಅದನ್ನೂ ಯುಪಿಎಸ್ ಕಿತ್ತುಕೊಂಡಿತು.

ಹಾಗೆಂದು ಸರಿಯಾಗಿ ಕೂತರೆ ಎಲ್ಲ ಸರಿ ಎಂದೂ ಹೇಳಲಾರೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗಿನ ಒತ್ತಡ ಅಳೆದು, ನಿಂತಾಗಿಗಿಂತ ಕೂತಾಗ ಒತ್ತಡ ಹೆಚ್ಚು ಎಂದ. ಅದನ್ನು ನಂಬಿ ಎಷ್ಟೋ ಕುರ್ಚಿಗಳು ಹುಟ್ಟಿದವು. 1999ರಲ್ಲಿ ಜರ್ಮನಿಯಲ್ಲಿ ಮತ್ತೆ ಅಳೆದಾಗ, ಸಡಿಲವಾಗಿ ಒರಗಿ ಕೂತರೆ ಒತ್ತಡ ನಿಂತದ್ದಕ್ಕಿಂತ ಕಡಿಮೆಯೂ ಇರಬಹುದು ಎಂದು ಕಂಡಿತು. ಅಲ್ಲಿ ಅಳೆದದ್ದು ಒಬ್ಬನೇ ಒಬ್ಬನ ಬೆನ್ನನ್ನು. ಕುರ್ಚಿಗೆ ಹತ್ತಾರು ಸಾವಿರ ಸುರಿಯುವ ಮೊದಲು ಈ ಸಂಗತಿ ಗೊತ್ತಿರಲಿ. ನನಗೆ ಉಪಯೋಗವಾದದ್ದು ಕುರ್ಚಿಯಲ್ಲ, ಕುರ್ಚಿಯಿಂದ ಏಳುವುದು.

ಅದನ್ನು ನನಗೆ ಕಲಿಸಿದವರು ಧಾರವಾಡದ ಯೋಗ ಶಿಕ್ಷಕಿಯೊಬ್ಬರು. ಮೊದಲ ದಿನ ಅವರು ಮಡಿಚುವ ಕಬ್ಬಿಣದ ಕುರ್ಚಿಯನ್ನು ಮುಂದಿಟ್ಟು, ಅದರ ಮೇಲೆ ಕೂರುವುದು ಬಿಟ್ಟು ಉಳಿದದ್ದನ್ನೆಲ್ಲ ಮಾಡಿಸಿದರು. ಕೈಯಿಟ್ಟು ಬಗ್ಗುವುದು, ಹಿಡಿದು ತಿರುಗುವುದು, ಕಾಲನ್ನು ಅದರ ಮೇಲಿಟ್ಟು ನೆಲದಲ್ಲಿ ಮಲಗುವುದು. ಅದು ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿ. ಆ ಪದ್ಧತಿಗೆ ನಮ್ಮೂರಿನ ನಂಟಿದೆ ಎಂದೂ ಅವರೇ ಹೇಳಿದರು. 1936ರಲ್ಲಿ ಗುರು ಕೃಷ್ಣಮಾಚಾರ್ಯರೊಡನೆ ಉತ್ತರ ಕರ್ನಾಟಕದ ಪ್ರವಾಸಕ್ಕೆ ಬಂದಿದ್ದ ಅಯ್ಯಂಗಾರರಿಗಿನ್ನೂ ಹದಿನೇಳು ವರ್ಷ. ಧಾರವಾಡದಲ್ಲಿ ಹೆಂಗಸರು ಯೋಗ ಕಲಿಯಬೇಕೆಂದಾಗ, ಶಿಷ್ಯರಲ್ಲಿ ಕಿರಿಯನೆಂಬ ಕಾರಣಕ್ಕೆ ಆ ಹುಡುಗನನ್ನೇ ಕಲಿಸಲು ನೇಮಿಸಿದರು. ಬಾಲ್ಯವಿಡೀ ರೋಗದಲ್ಲಿ ನರಳಿದ್ದ ಆ ಹುಡುಗ ಮುಂದೆ ಕುರ್ಚಿ, ಹಗ್ಗ, ಪಟ್ಟಿ, ಇಟ್ಟಿಗೆಗಳನ್ನೆಲ್ಲ ಆಸನಕ್ಕೆ ಒದಗಿಸಿಕೊಂಡ.

ಈಗ ನನ್ನ ದಿನಚರಿ ಸರಳ. ನೀರಿನ ತಂಬಿಗೆಯನ್ನು ಮೇಜಿನ ಮೇಲಿಡುವುದಿಲ್ಲ, ಅಂಗಡಿಯ ಆ ತುದಿಯಲ್ಲಿಡುತ್ತೇನೆ. ಎರಡು ಪುಟಕ್ಕೊಮ್ಮೆ ಏಳುತ್ತೇನೆ. ಪ್ರೂಫನ್ನು ಕಾಗದದ ಮೇಲೆ ತೆಗೆದು ನಿಂತು ಓದುತ್ತೇನೆ. ತಪ್ಪೂ ಹೆಚ್ಚು ಸಿಗುತ್ತವೆ. ಚಿಗರಿ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅರ್ಧ ದಾರಿ ನಿಲ್ಲುತ್ತೇನೆ. ನೋವು ಪೂರ್ತಿ ಹೋಗಿಲ್ಲ. ಮಳೆಗಾಲದ ಮುಂಜಾನೆಗಳಲ್ಲಿ, ಸಲ್ಲಿಕೆಯ ಕಡೆಯ ದಿನಗಳಲ್ಲಿ ಬಂದು ಮಾತಾಡಿಸಿ ಹೋಗುತ್ತದೆ. ಅದು ಬಂದಾಗ ಮೊದಲಿನ ಹಾಗೆ ಹೆದರಿ ಮಲಗುವುದಿಲ್ಲ ಅಷ್ಟೇ. ದುಡಿಮೆಯೂ ಸ್ವಲ್ಪ ಕಡಿಮೆಯಾಗಿದೆ. ಮೂರು ದಿನದಲ್ಲಿ ಮುಗಿಸಿಕೊಡಿ ಎನ್ನುವವರಿಗೆ ಐದು ದಿನ ಬೇಕು ಎನ್ನುವುದನ್ನು ಕಲಿತಿದ್ದೇನೆ.

ರವಿವಾರ ಸಂಜೆ ಅಪ್ಪನನ್ನು ಕರೆದುಕೊಂಡು ಹುಬ್ಬಳ್ಳಿ ರೈಲು ನಿಲ್ದಾಣಕ್ಕೆ ಹೋಗುತ್ತೇನೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಜಗತ್ತಿನಲ್ಲೇ ಅತಿ ಉದ್ದದ್ದು. ಎರಡು ಪ್ಲಾಟ್‌ಫಾರ್ಮ್ ಟಿಕೇಟು ತೆಗೆಸುತ್ತೇನೆ. ಅಪ್ಪ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾನೆ. ನಾನು ಆ ತುದಿಗೆ ಹೋಗಿ ಬರುತ್ತೇನೆ. ಮೂರು ಕಿಲೋಮೀಟರ್ ಆಗುತ್ತದೆ.

ಆ ಪ್ರಬಂಧ ಕಡೆಗೂ ಮುಗಿಯಿತು. ವಿದ್ಯಾರ್ಥಿನಿ ಬೇರೆಯವರ ಕೈಗೆ ಕೊಡದೆ, ಅವಧಿ ವಿಸ್ತರಿಸಿಕೊಂಡು ನನಗಾಗಿ ಕಾದರು. ಕೊನೆಗೆ ಏರಿಸುವುದು ಕೃತಜ್ಞತೆಗಳ ಪುಟ. ಮಾರ್ಗದರ್ಶಕರು, ತಂದೆ ತಾಯಿ, ಗ್ರಂಥಪಾಲಕರು, ಗೆಳತಿಯರು ಎಲ್ಲ ಆದ ಮೇಲೆ ಕಟ್ಟಕಡೆಯ ಸಾಲಿನಲ್ಲಿ, ಎಲ್ಲ ಪ್ರಬಂಧಗಳಲ್ಲೂ ಇರುವಂತೆ, ಅಂದವಾಗಿ ಡಿಟಿಪಿ ಮಾಡಿಕೊಟ್ಟವನಿಗೆ ವಂದನೆ ಇತ್ತು. ಎಷ್ಟೋ ಪ್ರಬಂಧಗಳಲ್ಲಿ ಆ ಸಾಲನ್ನು ನಾನೇ ಟೈಪು ಮಾಡಿದ್ದೇನೆ, ಹಾಗೇ ಮುಂದೆ ಹೋಗಿದ್ದೇನೆ. ಈ ಸಲ ನನ್ನ ಹೆಸರಿನ ಮುಂದೆ ಅವರು ಇನ್ನೊಂದು ಮಾತು ಸೇರಿಸಿದ್ದರು: ಲಿಪಿಕಾರ.

ಅಕ್ಷರ ತಪ್ಪಿಲ್ಲವೆಂದು ಎರಡು ಸಲ ನೋಡಿದೆ. ಸೇವ್ ಮಾಡಿದೆ. ಎದ್ದು ಅಂಗಡಿಯ ಆ ತುದಿಗೆ ಹೋಗಿ ನೀರು ಕುಡಿದೆ.